ನಡುಮಧ್ಯಾಹ್ನ ಮೆಣಸಿಗೆ ಕಾಲಾಡಿಸುವ ಮಾವ

ನಮ್ಮ ಮನೆಯಲ್ಲಿ ಕಂಬಳಿ ಹನ್ನೊಂದು, ಸ್ವೆಟರು ಏಳು, ಮಂಕಿ ಟೋಪಿ ನಾಲ್ಕು, ಫ್ಯಾನು ಒಂದು. ಆ ಒಂದೂ ಮನುಷ್ಯರಿಗೆ ಅಂತ ತಂದದ್ದಲ್ಲ. ಒಣಗಿದ ಕಾಳುಮೆಣಸನ್ನು ಮೊರದಿಂದ ಸುರಿಯುವಾಗ ಹೊಟ್ಟು ಹಾರಿಹೋಗಲೆಂದು ಎದುರಿಗಿಟ್ಟುಕೊಳ್ಳುವ ಟೇಬಲ್ ಫ್ಯಾನು. ವರ್ಷಕ್ಕೆ ಹತ್ತು ದಿನ ಅದಕ್ಕೆ ಕೆಲಸ, ಉಳಿದಷ್ಟು ದಿನ ಅಟ್ಟದಲ್ಲಿ ನಿದ್ದೆ. ವಯನಾಡಿನಲ್ಲಿ ಗಾಳಿ ಬೇಕಾದರೆ ಕಿಟಕಿ ತೆಗೆದರಾಯಿತು ಅನ್ನುವ ಕಾಲದಲ್ಲಿ ಕಟ್ಟಿದ ಮನೆ ಇದು.

ಈ ಸಲ ಮಾರ್ಚಿನಲ್ಲಿ ಕಿಟಕಿ ತೆಗೆದರೆ ಒಲೆಯ ಬಾಯಿ ತೆಗೆದ ಹಾಗಾಗುತ್ತಿತ್ತು. ಕಾಫಿ ಹೂವಿಗೆ ಬರಬೇಕಾದ ಮಳೆ ಬರಲಿಲ್ಲ. ಫೋನಿಗೆ ಬಿಸಿಲಿನ ಎಚ್ಚರಿಕೆ ಮಾತ್ರ ದಿನಾ ತಪ್ಪದೆ ಬಂತು. ಆಶಾ ಕಾರ್ಯಕರ್ತೆಯೂ ಮನೆಮನೆಗೆ ಬಂದು ಹೇಳಿಹೋದಳು. ಅವಳದು ಮಲಯಾಳ ಬೆರೆತ ಕನ್ನಡ; ಅಪ್ಪನ ವಯಸ್ಸಿನವರೆಲ್ಲ ಅವಳಿಗೆ ಅಚ್ಚ, ಸೆಕೆ ಅಂದರೆ ಚೂಡು.

“ಅಚ್ಚಾ, ಈ ವರ್ಷ ಚೂಡು ಜಾಸ್ತಿ. ಹನ್ನೊಂದರಿಂದ ಮೂರರ ತನಕ ಬಿಸಿಲಿಗೆ ಇಳೀಬೇಡಿ. ನೀರು ಕುಡೀತಾ ಇರಿ, ಬಾಯಾರಿಕೆ ಆಗದಿದ್ರೂ.”

ನನ್ನ ಮಾವ ಜಗಲಿಯಲ್ಲಿ ಮಂಕಿ ಟೋಪಿ ಹಾಕಿಕೊಂಡು ಕೂತಿದ್ದರು. ಕಿವಿಗೆ ಗಾಳಿ ಹೊಕ್ಕರೆ ಮನುಷ್ಯ ಕೆಟ್ಟ ಅನ್ನುವುದು ಅವರ ನಂಬಿಕೆ. “ಅದೆಲ್ಲ ಚುರದ ಕೆಳಗಿನವರಿಗೆ ಕಣಮ್ಮ” ಅಂದರು. ಚುರ ಅಂದರೆ ಇಲ್ಲಿಯವರ ಬಾಯಲ್ಲಿ ಘಾಟಿ. “ಕೋಝಿಕ್ಕೋಡಿಗೆ ಬರೆದ ಕಾಗದ ವಿಳಾಸ ತಪ್ಪಿ ಇಲ್ಲಿಗೆ ಬಂದಿರಬೇಕು.”

ಅವರಿಗೆ ಎಪ್ಪತ್ತೆಂಟು. ಬಿಪಿ ಮಾತ್ರೆ ನುಂಗಲು ಬೇಕಾದ ಎರಡು ಗುಟುಕು ಬಿಟ್ಟರೆ ಊಟದ ಹೊತ್ತಲ್ಲದೆ ನೀರು ಮುಟ್ಟಿದವರಲ್ಲ. ಅಂಗಳದ ತುಂಬ ಬಿದಿರ ಚಾಪೆಯ ಮೇಲೆ ಮೆಣಸು ಹರಡಿತ್ತು. ಅದನ್ನು ಗಂಟೆಗೊಮ್ಮೆ ಮಗುಚಬೇಕು, ಇಲ್ಲದಿದ್ದರೆ ಅಡಿಯ ಕಾಳು ಬೂಸಲು ಹಿಡಿಯುತ್ತದೆ. ಮಾವ ಮಗುಚುವುದು ಬರಿಗಾಲಲ್ಲಿ, ಉಳುವವರ ಹಾಗೆ ಕಾಲೆಳೆದು ಸಾಲು ಬಿಡಿಸುತ್ತ. ಅದರಲ್ಲೂ ಹನ್ನೆರಡೂವರೆಯ ಬಿಸಿಲಿನಲ್ಲಿ ಕಾಲಾಡಿಸಿದರೇ ಮೆಣಸಿಗೆ ನಿಜವಾದ ಕಪ್ಪು ಬರುತ್ತದಂತೆ. ಮಗುಚಲೆಂದು ನನ್ನ ಗಂಡ ಕೇಣಿಚಿರ ಪೇಟೆಯಿಂದ ತಂದುಕೊಟ್ಟ ಹಲ್ಲಿನ ಕೋಲು ಗೋಡೆಗೊರಗಿಕೊಂಡೇ ಇತ್ತು. “ಯಾವ ಕಾಳು ಒಣಗಿದೆ ಅಂತ ಕಾಲಿಗೆ ಗೊತ್ತಾಗುತ್ತೆ. ಕೋಲಿಗೆ ಏನು ಗೊತ್ತು?” ಅನ್ನುವುದು ಮಾವನ ವಾದ.

ನನಗಿದ್ದ ಹೆದರಿಕೆ ಒಂದೇ: ಇವರು ಆ ಚಾಪೆಯ ಮೇಲೇ ಬಿದ್ದುಹೋದರೆ? ಕೊಡೆ ಕೊಟ್ಟೆ. ಅದನ್ನು ಮಡಚಿ ಕೋಳಿ ಓಡಿಸಿದರು. ಮಜ್ಜಿಗೆ ಕೊಟ್ಟೆ. ಶೀತ ಅಂದರು. “ನಾನೇ ಕಾಲಾಡಿಸ್ತೀನಿ ಬಿಡಿ ಮಾವ” ಅಂದೆ. ನನ್ನ ಪಾದ ನೋಡಿದರು. “ಸಣ್ಣದಾಯ್ತು” ಅಂದರು.

ಮೆಣಸು ಹರಡಿದ ಮೂರನೆಯ ದಿನ ನಾನು ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಅಂಗಳದಿಂದ ಬರುತ್ತಿದ್ದ ಸರಸರ ಸದ್ದು ನಿಂತಿತು. ಇಣುಕಿದರೆ ಮಾವ ಮೆಣಸಿನ ನಡುವೆ ಕೂತಿದ್ದರು, ಮುಖವೆಲ್ಲ ಬೆವರು. ಏಳಲು ಹೋಗಿ ಮತ್ತೆ ಕೂತರು. ಒಗ್ಗರಣೆ ಸೌಟು ಹಿಡಿದುಕೊಂಡೇ ಓಡಿದೆ. ನಾನೂ ಅತ್ತೆಯೂ ಎರಡು ಕಡೆ ಹಿಡಿದು ನಡುಮನೆಗೆ ತಂದು ಮಲಗಿಸಿದೆವು. ಟೋಪಿ ಕಿತ್ತು ಹಾಕಿದೆ. ಆಶಾ ಕಾರ್ಯಕರ್ತೆಗೆ ಫೋನು ಮಾಡಿ, ಎರಡು ಕೈಗೂ ಕೆಲಸವಿತ್ತಲ್ಲ, ಸ್ಪೀಕರಿಗೆ ಹಾಕಿ ನೆಲದ ಮೇಲಿಟ್ಟೆ.

ಅಷ್ಟರಲ್ಲಿ ಅತ್ತೆ ಕಂಬಳಿ ತಂದು ಹೊದಿಸಿದರು. ನಮ್ಮ ಮನೆಯಲ್ಲಿ ಹಗಲು ಮಲಗಿದವರಿಗೆಲ್ಲ ಕಂಬಳಿಯೇ. ಯಾರೂ ಯಾಕೆ ಅಂತ ಕೇಳಿದ್ದಿಲ್ಲ.

“ಅತ್ತೆ, ತೆಗೀರಿ!”

“ಮೈ ಕಾಯ್ತಾ ಇದೆಯಲ್ಲೇ. ಜ್ವರ!”

“ಜ್ವರ ಅಲ್ಲ, ಬಿಸಿಲು.”

“ಒಳಗೆ ಹೊಕ್ಕ ಮೇಲೆ ಎಲ್ಲಾ ಜ್ವರಾನೇ.”

ನಾನು ಎಳೆದೆ, ಅವರು ಎಳೆದರು. ಕಂಬಳಿ ಮಾವನ ಮೇಲೆ ತೊಟ್ಟಿಲಿನ ಹಾಗೆ ಆಡಿತು. ನೆಲದಿಂದ ಫೋನು ಕೂಗಿತು: “ಹೊದಿಸಬೇಡಿ ಅಮ್ಮಾ! ಬಟ್ಟೆ ಸಡಿಲ ಮಾಡಿ, ಕತ್ತಿಗೆ, ಕಂಕುಳಿಗೆ ಒದ್ದೆ ಬಟ್ಟೆ ಇಡಿ, ಗಾಳಿ ಹಾಕಿ. ಅಚ್ಚನಿಗೆ ಪ್ರಜ್ಞೆ ಇದೆಯಾ? ನೆಟ್ಟಗೆ ಮಾತಾಡ್ತಾರಾ?”

“ಮೆಣಸು ಮಗುಚಿದ್ಯಾ ಅಂತ ನನಗೇ ಬೈತಿದ್ದಾರೆ.”

“ಯಾವತ್ತೂ ಹಾಗೇನಾ?”

“ಯಾವತ್ತೂ ಹಾಗೇ.”

“ಹಾಗಾದ್ರೆ ಪ್ರಜ್ಞೆ ಸರಿ ಇದೆ. ನೀರಿಗೆ ಉಪ್ಪು-ಸಕ್ಕರೆ ಪುಡಿ ಕದಡಿ, ಗುಟುಕು ಗುಟುಕಾಗಿ ಕುಡಿಸಿ. ಮಾತು ತೊದಲಿದ್ರೆ ಒಂದು ನಿಮಿಷವೂ ಕಾಯಬೇಡಿ, ಆಸ್ಪತ್ರೆಗೆ. ನಾನು ಆಟೋದಲ್ಲಿ ಬರ್ತಾ ಇದ್ದೀನಿ.”

ಅವಳೇ ಮನೆಗೆ ಕೊಟ್ಟುಹೋಗಿದ್ದ ಪೊಟ್ಟಣ ಕದಡಿ ಕುಡಿಸತೊಡಗಿದೆ. ಗಾಳಿಗೆ ಫ್ಯಾನಿನ ನೆನಪಾಯಿತು. ಕಂಬಳಿ ಎಳೆದಾಟದಲ್ಲಿ ಸೋತ ಅತ್ತೆ ಫ್ಯಾನನ್ನು ಹೊತ್ತು ತಂದು ಮಾವನ ಮುಖದ ಎದುರೇ ಹಾಕಿದರು. ಹೋದ ವರ್ಷದ ಮೆಣಸಿನ ದೂಳು ಅದರ ರೆಕ್ಕೆಯಲ್ಲಿ ಹಾಗೇ ಕೂತಿತ್ತು. ಎಲ್ಲ ಒಟ್ಟಿಗೆ ಎದ್ದು ಬಂತು. ಮಾವ ಸೀನಿದರು, ನಾನು ಸೀನಿದೆ, ಅತ್ತೆ ಸೀನುತ್ತಲೇ “ನೋಡು, ಶೀತ! ನಾನು ಹೇಳಲಿಲ್ವಾ?” ಅಂದರು. ಫೋನಿನಲ್ಲಿ ಅವಳು “ಅಲ್ಲಿ ಏನಾಗ್ತಿದೆ?” ಅಂತ ಗಾಬರಿಯಾದಳು.

ಅವಳು ಬಂದು ಬಿಪಿ ನೋಡುವಷ್ಟರಲ್ಲಿ ಮಾವ ಎದ್ದು ಕೂತಿದ್ದರು. ಆದರೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದೆವು. ಡಾಕ್ಟರು ಪರೀಕ್ಷೆ ಮಾಡಿ, ಇವತ್ತು ಪಾರಾದಿರಿ, ಇನ್ನೊಂದು ಸಲ ಹೀಗಾದರೆ ಹೇಳೋಕಾಗಲ್ಲ ಅಂದರು. ಮನೆಗೆ ಬಂದರೆ ಅತ್ತೆ ಜ್ವರಕ್ಕೆಂದು ಗಡಿಬಿಡಿಯಲ್ಲಿ ಕುದಿಸಿಟ್ಟಿದ್ದ ಶುಂಠಿ-ಮೆಣಸಿನ ಕಾಫಿ ಒಂದು ಪಾತ್ರೆ. ಚೆಲ್ಲಲು ಮನಸ್ಸಾಗದೆ ನಾನೇ ಕುಡಿದೆ. ಅವತ್ತು ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಬೆವರಿದವಳು ನಾನು.

ಮಾರನೆಯ ದಿನ ಹನ್ನೆರಡು ದಾಟಿತ್ತು. ಮಾವ ಸದ್ದಿಲ್ಲದೆ ಪಂಚೆ ಎತ್ತಿ ಕಟ್ಟಿ ಮೆಟ್ಟಿಲಿಳಿದರು. ನಾನು ಬಾಯಿ ತೆಗೆಯುವ ಮೊದಲೇ ಅತ್ತೆ ಅವರನ್ನು ದಾಟಿ ಹೋಗಿ, ಮೆಣಸಿನ ನಡುವೆ, ಸುಡುವ ಬಿಸಿಲಲ್ಲಿ, ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು.

“ಏನೇ ಇದು? ಏಳು.”

“ನೀವು ಕಾಲಾಡಿಸಿ. ನಾನು ನೋಡ್ತೀನಿ.”

“ತಲೆ ಸುತ್ತುತ್ತೆ ಕಣೇ!”

“ಸುತ್ತಲಿ. ನೀವು ಬಿದ್ರೆ ಹಿಡಿಯೋಕೆ ಒಬ್ಬರು ಹತ್ರ ಇರಬೇಕಲ್ಲ.”

ಐವತ್ತು ವರ್ಷ ಸಂಸಾರ ಮಾಡಿದವರು. ಇವಳು ಏಳುವವಳಲ್ಲ ಅಂತ ಮಾವನಿಗೆ ಗೊತ್ತಿತ್ತು. ಅಂಗಳದ ಅಂಚಿನ ನೆರಳಿನಲ್ಲಿ ನಿಂತು ಒಮ್ಮೆ ಮೆಣಸು ನೋಡಿದರು, ಒಮ್ಮೆ ಹೆಂಡತಿಯ ಕೆಂಪೇರುತ್ತಿದ್ದ ಮುಖ ನೋಡಿದರು. ನಾನು ಒದ್ದೆ ಟವೆಲ್ಲು ಹಿಡಿದು ತಯಾರಾಗಿಯೇ ನಿಂತಿದ್ದೆ.

“ಇನ್ನೆರಡು ದಿನ ಜಾಸ್ತಿ ಒಣಗಲಿ ಬಿಡು” ಅಂದರು ಕಡೆಗೆ. “ಎದ್ದು ಬಾ ಮಾರಾಯ್ತಿ.”

ಅತ್ತೆ ಸೀರೆಗೆ ಅಂಟಿದ ಕಾಳುಗಳನ್ನು ಒಂದೊಂದಾಗಿ ಚಾಪೆಗೆ ಉದುರಿಸಿ, ಆಮೇಲೆ ಒಳಗೆ ಬಂದರು.

ಅವತ್ತಿನಿಂದ ಕಾಲಾಡಿಸುವುದು ಬೆಳಿಗ್ಗೆ ಹತ್ತೂವರೆಯೊಳಗೆ, ಮತ್ತೆ ಮೂರರ ಮೇಲೆ. ನಡುವೆ ಮೂವರೂ ನಡುಮನೆಯಲ್ಲಿ, ಮಧ್ಯದಲ್ಲಿ ನೀರಿನ ಚೊಂಬು. ಮಾವ ಕಾಲು ನೀಡಿ ಕೂತು ಪಾದವನ್ನು ನೆಲದ ಮೇಲೆ ಸುಮ್ಮನೆ ಆಚೆ ಈಚೆ ಎಳೆಯುತ್ತಾರೆ.

“ಎಷ್ಟಾಯ್ತಮ್ಮ ಗಂಟೆ?”

“ಒಂದೂಕಾಲು ಮಾವ.”

ಚೊಂಬೆತ್ತಿ ಗಟಗಟ ಕುಡಿದು ಕೆಳಗಿಡುತ್ತಾರೆ.

“ನಿನ್ನೆ ಇಷ್ಟು ಹೊತ್ತಿಗೆ ಎರಡಾಗಿತ್ತು.”