ಲಾಭಕ್ಕೂ ಒಂದು ಗೆರೆ

ಉಮ್ಮೆ ಹಬೀಬಾ ಮೇಡಮ್ ಬೆಳಗಿನ ಬಸ್ಸಿಳಿದು ನಮ್ಮ ಮನೆ ಮುಂದೆಯೇ ಶಾಲೆಗೆ ನಡೆದು ಹೋಗುತ್ತಾರೆ. ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದು ಕೈಯಲ್ಲಿ ಏನಾದರೊಂದು ವಿಚಿತ್ರ. ಒಂದು ದಿನ ಹುಣಸೆ ಬೀಜದ ಗಂಟು, ಇನ್ನೊಂದು ದಿನ ಟೈಲರ್ ಟೇಪು. ಹುಟ್ಟೂರು ಗುಂಡ್ಲುಪೇಟೆ, ಈಗ ಚಾಮರಾಜನಗರದಲ್ಲಿ ಬಾಡಿಗೆ ಮನೆ. ಉಡಿಗಾಲದ ಪಕ್ಕದ ನಮ್ಮೂರ ಶಾಲೆಗೆ ಬಂದು ಇನ್ನೂ ವರ್ಷ ತುಂಬಿಲ್ಲ. ಐದನೇ ತರಗತಿಗೆ ಗಣಿತ ಅವರದೇ. ನನ್ನ ಮಗಳು ಬೃಂದಾ ಇರುವುದು ಅದೇ ತರಗತಿಯಲ್ಲಿ.

ಮೊದಲೆಲ್ಲ ಹೋಂವರ್ಕ್ ಎಂದರೆ ಮಗ್ಗಿಯನ್ನು ಹತ್ತು ಸಲ ಬರೆಯುವುದು. ಬೃಂದಾ ಅದನ್ನು ಕಂಬ ಕಂಬವಾಗಿ ಬರೆಯುತ್ತಿದ್ದಳು. ಮೇಲಿನಿಂದ ಕೆಳಗಿನವರೆಗೆ ಬರೀ ಏಳು, ಆಮೇಲೆ ಮೇಲಿನಿಂದ ಕೆಳಗಿನವರೆಗೆ ಬರೀ ಇಂಟು ಗುರುತು. ಪುಟ ತುಂಬುತ್ತಿತ್ತು, ತಲೆಗೆ ಏನೂ ಹೋಗುತ್ತಿರಲಿಲ್ಲ. ನಾನೂ ಹಾಗೇ ಬರೆದು ಹತ್ತನೇ ತರಗತಿ ಮುಗಿಸಿದವಳು, ಬೈಯಲು ಬಾಯಿ ಬರಲಿಲ್ಲ.

ಭಿನ್ನರಾಶಿ ಶುರುವಾದಾಗ ಬಣ್ಣ ಬಯಲಾಯಿತು. ಅರ್ಧಕ್ಕೆ ಕಾಲು ಕೂಡಿಸಿ ಎಂದರೆ ಮಕ್ಕಳು ಮೇಲಿನದಕ್ಕೆ ಮೇಲಿನದನ್ನು, ಕೆಳಗಿನದಕ್ಕೆ ಕೆಳಗಿನದನ್ನು ಕೂಡಿಸಿ 2/6 ಎಂದು ಬರೆದರು. ಮೇಡಮ್ ಅವತ್ತೇ ಮಗ್ಗಿ ಬರೆಸುವುದನ್ನು ನಿಲ್ಲಿಸಿದರು. ಮನೆಗೆ ಹೋಗಿ ಅಜ್ಜಿಯ ಕೈಲಿ ರಾಗಿ ಅಳೆಸಿ, ಒಂದು ಸೇರು ತುಂಬಲು ಎಷ್ಟು ಪಾವು ಬೇಕು ನೋಡಿ, ಅಳೆಯುವವರು ಹೇಳುವ ಒಂದೊಂದು ಸಂಖ್ಯೆಗೂ ಒಂದೊಂದು ಗೆರೆ ಎಳೆದು ತನ್ನಿ ಎಂದರು.

ಮಾರನೆಯ ದಿನ ಇಪ್ಪತ್ತೆರಡು ಮಕ್ಕಳಲ್ಲಿ ಹದಿನಾಲ್ಕು ಜನ ತಂದಿದ್ದು ಮೂರೇ ಗೆರೆ.

ಅದರಲ್ಲಿ ನನ್ನ ಮಗಳೂ ಇದ್ದಳು, ಶಾಲಾ ಸಮಿತಿಯ ಅಧ್ಯಕ್ಷರಾದ ಗೋವಿಂದಯ್ಯನವರ ಮೊಮ್ಮಗಳು ಕುಮಾರಿಯೂ ಇದ್ದಳು. ಮೊಮ್ಮಗಳ ಪುಸ್ತಕ ಹಿಡಿದು ಗೋವಿಂದಯ್ಯನವರು ತರಗತಿಯ ಬಾಗಿಲಿಗೇ ಬಂದರಂತೆ. ಬೃಂದಾ ಮನೆಗೆ ಬಂದು ಸೊಂಟದ ಮೇಲೆ ಕೈಯಿಟ್ಟು ಅವರ ಹಾಗೇ ಮಾಡಿ ತೋರಿಸಿದಳು.

"ಸೇರಿಗೆ ನಾಕು ಪಾವು ಅಂತ ನಮ್ಮೂರಲ್ಲಿ ದನ ಕಾಯೋನ್ಗೂ ಗೊತ್ತು. ನಿಮ್ಮ ಸ್ಕೂಲ್ಗೆ ಬಂದ್ಮ್ಯಾಲೆ ಮೂರಾಗೋಯ್ತು ನೋಡಿ, ಮೇಡಮ್ನೋರೆ."

ಬರುವ ಶನಿವಾರ ಪೋಷಕರ ಸಭೆ ಇತ್ತು. ಅಲ್ಲಿ ಎಲ್ಲರ ಮುಂದೆ ಮಕ್ಕಳು ಅರ್ಧ, ಕಾಲು ಕೂಡಿಸಿ ತೋರಿಸಬೇಕು, ಇಲ್ಲದಿದ್ದರೆ ಸೋಮವಾರದಿಂದ ಹಳೆಯ ಮಗ್ಗಿಯೇ ಎಂದು ತೀರ್ಮಾನವಾಯಿತು. ಹೆಡ್‌ಮಾಸ್ಟರೂ ತಲೆಯಾಡಿಸಿದರು.

ತೀರ್ಮಾನವಾದ ದಿನವೇ ಸಂಜೆ ಮೇಡಮ್ ಬಸ್ಸಿಗೆ ನಿಲ್ಲದೆ ನಮ್ಮ ಜಗಲಿಗೆ ಬಂದರು. ಮುಖ ಬಾಡಿತ್ತು. ನಾನು ಚಿಕ್ಕ ಮಗನನ್ನು ಸೊಂಟದ ಮೇಲಿಟ್ಟುಕೊಂಡೇ ಟೀ ಕೊಟ್ಟೆ. ನಮ್ಮತ್ತೆ ದೊಡ್ಡಮಲ್ಲಮ್ಮ ಮಿಲ್ಲಿಗೆ ಕಳಿಸಲು ರಾಗಿ ಅಳೆಯುತ್ತಿದ್ದರು. ಒಂದು ಸೇರು ತುಂಬಿ ತೋರಿಸಿ ಅಜ್ಜಿ ಎಂದು ಮೇಡಮ್ ಕೇಳಿದರು. ಅತ್ತೆ ಪಾವಿನ ತಲೆ ಸವರಿ ಸುರಿಯುತ್ತಾ ಹೋದರು.

"ಲಾಭ. ಎರಡು. ಮೂರು. ನಾಕು."

ಪಕ್ಕದಲ್ಲಿ ಕೂತಿದ್ದ ಬೃಂದಾಳ ಪುಸ್ತಕದಲ್ಲಿ ಮತ್ತೆ ಮೂರು ಗೆರೆ. ಮೊದಲನೆಯದಕ್ಕೆ ಯಾಕೆ ಎಳೆಯಲಿಲ್ಲ ಎಂದು ಮೇಡಮ್ ಮೆಲ್ಲಗೆ ಕೇಳಿದರು.

"ಅಜ್ಜಿ ನಂಬರ್ರೇ ಏಳ್ನಿಲ್ಲ ಮಿಸ್, ಲಾಭ ಅಂತು. ನೀವು ನಂಬರ್ಗೆ ಗೆರೆ ಅಂದಿದ್ರಿ."

ಮೇಡಮ್ ನಗಲು ಶುರು ಮಾಡಿದವರು ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ಗುಂಡ್ಲುಪೇಟೆಯಲ್ಲಿ ತಮ್ಮ ಅಜ್ಜಿ ರಹಮತ್ ಬಿ ಕೂಡ ಅಕ್ಕಿ ಅಳೆಯುವಾಗ ಒಂದು ಅನ್ನುವುದಿಲ್ಲ, ಬರ್ಕತ್, ದೋ, ತೀನ್ ಎಂದೇ ಎಣಿಸುವುದು, ಬರ್ಕತ್ ಅಂದರೂ ಸಮೃದ್ಧಿಯೇ ಎಂದರು. ಅದನ್ನು ಕೇಳಿಯೇ ಬೆಳೆದಿದ್ದರೂ ತಮಗೆ ಹೊಳೆಯಲಿಲ್ಲವಲ್ಲ ಎಂದು ಹಣೆ ಚಚ್ಚಿಕೊಂಡರು.

"ಒಂದು ಅಂದ್ಬುಟ್ರೆ ಒಂದೇ ಆಗೋಯ್ತದೆ ಕಣವ್ವ," ಎಂದರು ಅತ್ತೆ. "ಲಾಭ ಅಂದ್ರೆ ಬೆಳೀತದೆ."

ಸರಿಯಾಗಿ ನಾಲ್ಕು ಗೆರೆ ತಂದಿದ್ದವರೆಲ್ಲ ಅಜ್ಜಿ ಇಲ್ಲದ, ಒಂದು ಎಂದೇ ಎಣಿಸುವ ಮನೆಯ ಮಕ್ಕಳು ಎಂಬುದು ನನಗೆ ಆಮೇಲೆ ಹೊಳೆಯಿತು.

ಮರುದಿನ ಮೇಡಮ್ ತರಗತಿಯಲ್ಲಿ, ತಪ್ಪಿದ್ದು ನೀವಲ್ಲ, ನಾನು ಕೊಟ್ಟ ಹೋಂವರ್ಕು ಎಂದು ಮಕ್ಕಳ ಮುಂದೆಯೇ ಒಪ್ಪಿಕೊಂಡರಂತೆ. ಹೊಸ ನಿಯಮ ಬಂತು. ಕಿವಿಗೆ ಬಿದ್ದ ಮಾತಿಗಲ್ಲ, ಪಾವು ಸುರಿದಾಗಲೆಲ್ಲ ಗೆರೆ. ನಾಲ್ಕು ಗೆರೆಗೆ ಒಂದು ಸೇರು, ಹಾಗಾಗಿ ಒಂದು ಗೆರೆ ಅಂದರೆ ಕಾಲು. ಎರಡು ಗೆರೆಗೆ ಸುತ್ತು ಹಾಕಿದರೆ ಅಚ್ಚೇರು, ಅದೇ ಅರ್ಧ. ಮೂರು ದಿನ ಊರಿನ ಮನೆ ಮನೆಯಲ್ಲಿ ಇದೇ ಆಟ. ನಾನು ಅನ್ನಕ್ಕೆ ಅಚ್ಚೇರು ಅಕ್ಕಿ ತೆಗೆದರೆ ಬೃಂದಾ ಅಡುಗೆಮನೆ ಬಾಗಿಲಲ್ಲಿ ನಿಂತು, ಎರಡು ಸಲ ಕಾಲು ಅನ್ನು ಅಮ್ಮ ಎಂದು ತಿದ್ದುವಳು. ಹಾಲಿಗೂ ಗೆರೆ, ಹುರುಳಿಗೂ ಗೆರೆ. ಗೋಡೆಯ ಮೇಲಿನ ಗೆರೆಗಳನ್ನು ಒರೆಸುವ ಕೆಲಸ ನನ್ನದು.

ಶನಿವಾರ ನಮ್ಮ ಮನೆಯ ಸೇರು, ಪಾವನ್ನು ಟವೆಲ್ಲಿನಲ್ಲಿ ಸುತ್ತಿ ನಾನೇ ಶಾಲೆಗೆ ಒಯ್ದೆ. ಮೇಡಮ್ ಭಾಷಣ ಮಾಡಲಿಲ್ಲ. ಪಾವನ್ನು ಗೋವಿಂದಯ್ಯನವರ ಕೈಗೇ ಕೊಟ್ಟು, ನಿಮಗೆ ಬೇಕಾದಷ್ಟು ಅಳೆದು ನಿಮ್ಮ ಪ್ರಶ್ನೆ ನೀವೇ ಕೇಳಿ ಎಂದರು. ಅವರು ಪಂಚೆ ಎತ್ತಿ ಕಟ್ಟಿ ಅಲ್ಲಿ ತಂದಿಟ್ಟಿದ್ದ ರಾಗಿ ಚೀಲದ ಮುಂದೆ ಕುಕ್ಕುರುಗಾಲಲ್ಲಿ ಕೂತರು. ಮೊಮ್ಮಗಳನ್ನೇ ಬೋರ್ಡಿಗೆ ಕರೆದರು.

"ಲಾಭ," ಎಂದು ಸುರಿದರು. ಕುಮಾರಿಯ ಸೀಮೆಸುಣ್ಣ ಒಂದು ಗೆರೆ ಎಳೆಯಿತು. ನನ್ನ ಎದೆಯ ಮೇಲಿನ ಭಾರ ಅಲ್ಲಿಗೇ ಅರ್ಧ ಇಳಿಯಿತು.

"ಎರಡು. ಮೂರು." ಅಷ್ಟಕ್ಕೆ ನಿಲ್ಲಿಸಿ, ಸೇರಿನಲ್ಲಿ ಈಗ ಎಷ್ಟಿದೆ ಎಂದು ಕೇಳಿದರು.

ಕುಮಾರಿ ಎರಡು ಗೆರೆಗೆ ಸುತ್ತು ಹಾಕಿ ಕೆಳಗೆ 1/2 ಎಂದು ಬರೆದಳು. ಉಳಿದ ಒಂದರ ಕೆಳಗೆ 1/4. ನಡುವೆ ಕೂಡುವ ಗುರುತು. ಗೆರೆಗಳನ್ನೊಮ್ಮೆ ಎಣಿಸಿ 3/4 ಎಂದು ಬರೆದು, ಮುಕ್ಕಾಲು ಸೇರು ತಾತ, ತುಂಬೋಕೆ ಇನ್ನೊಂದು ಪಾವು ಬೇಕು ಎಂದಳು.

ಗೋವಿಂದಯ್ಯನವರು ಸೋಲೊಪ್ಪಲಿಲ್ಲ. "ನಾನು ಒಂದು ಅಂತ ಏಳ್ನೇ ಇಲ್ವಲ್ಲ, ಮೂರು ಗೆರೆ ಎಂಗೆ ಬಂತು ಕಣಮ್ಮಿ?"

"ಲಾಭಕ್ಕೂ ಒಂದು ಗೆರೆ, ತಾತ."

ಹಿಂದೆ ಕೂತಿದ್ದ ಹೆಂಗಸರೆಲ್ಲ ಗೊಳ್ಳೆಂದರು. ನಮ್ಮತ್ತೆಯ ನಗು ಎಲ್ಲಕ್ಕಿಂತ ಜೋರಾಗಿತ್ತು. ಗೋವಿಂದಯ್ಯನವರು ಬೋರ್ಡನ್ನೇ ನೋಡುತ್ತಾ, ಮೀಸೆಯಡಿಯಲ್ಲೇ ನಕ್ಕು, ನಾಲ್ಕನೆಯ ಪಾವನ್ನು ಸುರಿದು ಸೇರು ತುಂಬಿಸಿದರು. ಆಮೇಲೆ ಹೆಡ್‌ಮಾಸ್ಟರ ಕಡೆ ತಿರುಗಿ, "ಮಗ್ಗಿ ಬರ್ಸೋದು ಬುಡಿ, ಸಾ. ಮೇಡಮ್ನೋರು ಎಂಗೆ ಏಳ್ತಾರೋ ಅಂಗೇ ಆಗ್ಲಿ," ಎಂದರು.

ಮೇಡಮ್ ಮುಖ ಆ ಕಡೆ ತಿರುಗಿಸಿ ದುಪಟ್ಟಾದಿಂದ ಕಣ್ಣೊತ್ತಿಕೊಂಡರು, ಬೋರ್ಡ್ ಒರೆಸಲು ಹೋದ ಕುಮಾರಿಯನ್ನು ತಡೆದರು.

ಸಭೆ ಮುಗಿದ ಮೇಲೆ, ಸಂಜೆಯ ಅಕ್ಕಿಗೆ ಬೇಕಲ್ಲ ಎಂದು ನಮ್ಮ ಪಾವು ಕೇಳಲು ಹೋದೆ. ಸಿಗಲಿಲ್ಲ. ಗೋವಿಂದಯ್ಯನವರು ಅದನ್ನು ಹಿಡಿದು ಮಕ್ಕಳ ನಡುವೆ ಕೂತು, ಮುಂದಿನ ಪ್ರಶ್ನೆ ಕೇಳುತ್ತಿದ್ದರು.