ಕಮಲಾ ದೀದಿಯ ಹೆಪ್ಪು

ಕಮಲಾ ದೀದಿ, ನಿಮ್ಮ ಕೆಲಸ ಹೋದದ್ದು ನನ್ನಿಂದ. ನೀವು ಅಡುಗೆ ಕಲಿಸುವುದರಲ್ಲಿ ಮೋಸ ಮಾಡುತ್ತೀರಿ ಎಂದು ದೂರು ಬರೆದವಳು ನಾನೇ.

ನಾಲ್ಕು ವರ್ಷದ ಹಿಂದೆ ನಾನೂ ನನ್ನ ಗಂಡ ಶ್ರೀಧರ್ ಅವರೂ ಹಿಮಾಚಲದ ಬೆಟ್ಟ ಸುತ್ತುತ್ತಾ, ನೀವು ಅಡುಗೆ ಮಾಡುತ್ತಿದ್ದ ಹೋಮ್‌ಸ್ಟೇಯಲ್ಲಿ ಐದು ದಿನ ಉಳಿದೆವು. ಅಲ್ಲಿಯ ಸಿಡ್ಡು ಕಲಿಯಬೇಕೆಂದು ನನಗೆ ಹಟ — ಅಕ್ರೋಟಿನ ಹೂರಣ ತುಂಬಿ ಹಬೆಯಲ್ಲಿ ಬೇಯಿಸುವ ಆ ಗೋಧಿ ಕಡುಬು. ತುಂಬುವುದು, ಮಡಿಸುವುದು, ಎಲ್ಲ ಹೇಳಿಕೊಟ್ಟಿರಿ. ಹಿಟ್ಟು ಮಾತ್ರ ನಾನು ಏಳುವ ಮೊದಲೇ ಕಲಸಿಟ್ಟಿರುತ್ತಿದ್ದಿರಿ. ಅದಕ್ಕೆ ಏನು ಹಾಕುತ್ತೀರಿ ಎಂದು ಕೇಳಿದರೆ, "ಅದು ನಿಮ್ಮೂರಲ್ಲಿ ಸಿಗಲ್ಲ, ಬೇಟಿ" ಎಂದು ನಕ್ಕಿರಿ. ಆ ನಗು ನನಗೆ ಸರಿಕಾಣಲಿಲ್ಲ. ಅಂದಿನಿಂದ ನಿಮ್ಮ ಕೈಯನ್ನೇ ಕಾಯತೊಡಗಿದೆ. ನೀವು ಹೊರಗೆ ಹೋದಾಗ ಡಬ್ಬಗಳ ಮುಚ್ಚಳ ತೆಗೆದು ಮೂಸಿದೆ — ಇದನ್ನೂ ಹೇಳಿಬಿಡುತ್ತೇನೆ.

ಜಯನಗರಕ್ಕೆ ಬಂದು ಮಾಡಿದರೆ ಕಲ್ಲು. ಮೂರು ಸಲವೂ ಕಲ್ಲು. "ಬೇಕಂತಲೇ ಮುಚ್ಚಿಟ್ಟಿದಾಳೆ" ಎಂದೆ.

"ಒಂದ್ಸಲ ಫೋನ್ ಮಾಡಿ ಕೇಳೇ" ಎಂದರು ಶ್ರೀಧರ್.

ಕೇಳಲಿಲ್ಲ. ಮಾಲೀಕರಿಗೆ ಬರೆದೆ, ನೆಟ್‌ನಲ್ಲಿ ಎಲ್ಲರೂ ಓದುವ ಹಾಗೂ ಬರೆದೆ.

ಹತ್ತು ದಿನದ ಮೇಲೆ ಬ್ಯಾಗ್ ಒಗೆಯಲು ತೆಗೆದಾಗ ಪಕ್ಕದ ಜೇಬಿನಲ್ಲಿ ಬಟ್ಟೆಯ ಗಂಟೊಂದು ಸಿಕ್ಕಿತು. ಒಳಗೆ, ಒಣಹಿಟ್ಟಿನಲ್ಲಿ ಹುದುಗಿಸಿಟ್ಟ ಹುಳಿಬಂದ ಕಣಕದ ಉಂಡೆ. ಹಿಟ್ಟನ್ನು ಉಬ್ಬಿಸುವ ಹೆಪ್ಪು. ಇಲ್ಲಿ ಸಿಗುವುದಿಲ್ಲವೆಂದೇ ಕಟ್ಟಿಕೊಟ್ಟಿದ್ದಿರಿ. ಹೊರಡುವ ಗಡಿಬಿಡಿಯಲ್ಲಿ ನನ್ನ ಬ್ಯಾಗ್ ಮುಟ್ಟುತ್ತಾ ನೀವು ಏನೋ ಹೇಳಿದ್ದು ಆಗ ನೆನಪಾಯಿತು. ನಾನು ಕೇಳಿಸಿಕೊಂಡಿರಲಿಲ್ಲ — ಪರ್ಸ್ ಇದೆಯೇ ಎಂದು ನೋಡಿಕೊಳ್ಳುತ್ತಿದ್ದೆ.

ಅದನ್ನು ನೆನೆಸಿ ಕಲಸಿದೆ. ಸಿಡ್ಡು ಹೂವಿನ ಹಾಗೆ ಬಂತು.

"ಏನು ಹಾಕಿದೆ ಈ ಸಲ?" ಎಂದರು ಶ್ರೀಧರ್.

"ಏನಿಲ್ಲ, ಕೈ ಪಳಗಿತು" ಎಂದೆ. ಬರೆದದ್ದನ್ನು ಅಳಿಸಲೂ ಇಲ್ಲ.

ಹೋದ ತಿಂಗಳು ಧೈರ್ಯ ಮಾಡಿ ಹೋಮ್‌ಸ್ಟೇಗೆ ಫೋನ್ ಮಾಡಿದೆ. "ಅವರನ್ನು ಆಗಲೇ ಬಿಡಿಸಿದೆವು, ಮೇಡಂ. ನಿಮ್ಮ ದೂರು ಬಂದಿತ್ತಲ್ಲ" ಎಂದರು ಮಾಲೀಕರು. ನಾನು — ಆಗಲೂ ನಿಜ ಹೇಳದೆ — "ಸರಿ" ಎಂದು ಫೋನ್ ಇಟ್ಟುಬಿಟ್ಟೆ.

ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಿಮಗೆ ಓದಲು ಬರುವುದಿಲ್ಲ ಎಂಬ ಧೈರ್ಯದಿಂದಲೇ ಇಷ್ಟನ್ನೂ ಬರೆದೆನೇನೋ — ಈಗ ನನ್ನ ಮೇಲೆ ನನಗೇ ಅನುಮಾನ. ನಾಳೆ ಹಿಂದಿಗೆ ಅನುವಾದ ಮಾಡಿಸಿ ನಿಮಗೊಂದು, ಮಾಲೀಕರಿಗೊಂದು ಕಳಿಸುತ್ತೇನೆ. ಅದಕ್ಕೂ ಮೊದಲು ಇದನ್ನು ಶ್ರೀಧರ್ ಮುಂದೆ ಓದಬೇಕು.