ಚಕ್ರವರ್ತಿಯ ಕೆನ್ನೆಯ ಸೀಳು

ನಮ್ಮ ಮನೆಯ ಬೆಳ್ಳಿ ನಾಣ್ಯವನ್ನು ರೋಮಿನ ಚಕ್ರವರ್ತಿಯೇ ನಮ್ಮ ಹಿರಿಯರಿಗೆ ಉಡುಗೊರೆ ಕೊಟ್ಟನಂತೆ. ಮಂಗಳೂರಿನಿಂದ ದೋಹಾದವರೆಗೆ ನೆಂಟರೆಲ್ಲ ಹೇಳುವುದು ಇದನ್ನೇ. ಹಾಗಾದರೆ ಕೊಟ್ಟವನ ಮುಖಕ್ಕೆ ಉಳಿಯಿಂದ ಹೊಡೆದವರು ಯಾರು? ಇದನ್ನು ಕೇಳಿದರೆ ಎಲ್ಲರೂ ಮಾತು ಬದಲಿಸುತ್ತಾರೆ.

ನಾಣ್ಯದ ಮೇಲೆ ಎಲೆಗಳ ಕಿರೀಟ ತೊಟ್ಟ ತಲೆ. ಕಿವಿಯಿಂದ ಗಲ್ಲದವರೆಗೆ ಒಂದು ಸೀಳು. ಒಳಗೆ ತಾಮ್ರವಿಟ್ಟು ಮೇಲೆ ಬೆಳ್ಳಿ ಹೊದಿಸಿದ ಮೋಸದ ನಾಣ್ಯಗಳೂ ಇರುತ್ತಿದ್ದವಂತೆ. ಅದಕ್ಕೇ ನಮ್ಮ ಕಡೆ ಹೀಗೆ ಕಡಿದು ನೋಡುತ್ತಿದ್ದರು ಎಂದು ಓದಿದ್ದೇನೆ. ನಮ್ಮದನ್ನು ಕಡಿದವರೂ ನಮ್ಮವರೇ ಎನ್ನಲು ನನ್ನಲ್ಲಿ ಪುರಾವೆಯಿಲ್ಲ. ಆದರೂ ಉಡುಗೊರೆಗೆ ಚಾಚಿದ ಕೈಗಿಂತ ಅನುಮಾನಪಟ್ಟ ಕೈ ನನಗೆ ಹತ್ತಿರ.

ಮದುವೆಯಾದಂದಿನಿಂದ ಉಮ್ಮ ಅದನ್ನು ಸರದಲ್ಲಿ ಹಾಕಿಕೊಂಡಿದ್ದರು. ನಮಾಜಿಗೆ ನಿಲ್ಲುವಾಗ ಮನುಷ್ಯರ ಚಿತ್ರ ಕಾಣಬಾರದೆಂದು ಮುಖದ ಬದಿಯನ್ನು ಒಳಕ್ಕೆ ತಿರುಗಿಸುತ್ತಿದ್ದರು. ಹಿಂಬದಿಯಲ್ಲೂ ಕೊಂಬೆ ಹಿಡಿದು ಕುಳಿತ ಹೆಂಗಸಿದ್ದಾಳಲ್ಲ, ಅವಳಾದರೆ ಪರವಾಗಿಲ್ಲವೇ ಎಂದು ಹತ್ತನೇ ತರಗತಿಯ ಡಿಬೇಟಿನ ಹುರುಪಿನಲ್ಲಿ ವಾದಿಸಿ ಬೈಸಿಕೊಂಡಿದ್ದೆ.

ಈ ವರ್ಷ ನನ್ನ ನಿಶ್ಚಿತಾರ್ಥ ಗೊತ್ತಾಯಿತು. ಮನೆಯ ರೂಢಿಯಂತೆ ಸರ ಇನ್ನು ನನ್ನದು. ಗಂಡಿನ ಮನೆಯವರ ಮುಂದೆ ಸೀಳಿದ ಮುಖ ಬೇಡವೆಂದು ಉಮ್ಮನ ಅಣ್ಣ, ನನ್ನ ಮಾಮ, ನಮ್ಮಿಬ್ಬರನ್ನೂ ದೋಹಾದ ಅಲ್ ಮುಂತಜಾ ಬಡಾವಣೆಯಲ್ಲಿರುವ ನಮ್ಮೂರ ಕಡೆಯ ಅಕ್ಕಸಾಲಿಗನ ಅಂಗಡಿಗೆ ಕರೆದೊಯ್ದರು.

“ಬೆಳ್ಳಿ ತುಂಬಿಸಿ ಪಾಲಿಶ್ ಮಾಡಿ. ಹೊಸ ಮದುಮಗನ ಹಾಗೆ ಕಾಣ್ಬೇಕು,” ಎಂದರು ಮಾಮ.

“ಮಾಮಾ, ಮುಖ ರೋಮಿನವರದ್ದು. ಏಟು ಮಾತ್ರ ನಮ್ಮದು. ನಮ್ಮದನ್ನೇ ಅಳಿಸುದಾ?”

“ಶುರುವಾಯ್ತು ಡಿಬೇಟು! ಇಲ್ಲಿ ಕಪ್ ಕೊಡುದಿಲ್ಲ ಮಾರಾಯ್ತಿ. ಗಂಡಿನವರು ಕೇಳಿದ್ರೆ ಎಂತ ಹೇಳುದು? ನಮ್ಮ ಅಜ್ಜಂದಿರು ರಾಜನಿಗೇ ಹೊಡೆದ್ರು ಅಂತಲಾ?”

“ಹೌದು, ಹಾಗೇ ಹೇಳಿ. ರಾಜನ ಮುಖ ಉಂಟು ಅಂತ ಸುಮ್ಮನೆ ನಂಬ್ಲಿಲ್ಲ, ಕಡಿದು ನೋಡಿದ್ರು ಅಂತ.”

“ಖಲಾಸ್! ಇಷ್ಟು ಬಾಯಿ ಅಲ್ಲಿ ತೋರಿಸ್ಬೇಡ.”

ತೋರಿಸಿಯೇ ತೋರಿಸುತ್ತೇನೆ ಎಂದೆ. ತೇಪೆ ಹಾಕಿದ ನಾಣ್ಯವಾದರೆ ನನ್ನ ಕೊರಳಿಗೆ ಅದು ಬೇಡ, ಯಾರಿಗಾದರೂ ಕೊಡಿ ಎಂದೂ ಹೇಳಿದೆ. ಮಾಮನ ಮುಖ ಕೆಂಪಾಯಿತು. ನಮ್ಮ ಜಗಳ ಮುಗಿಯುವಂತೆ ಕಾಣದ್ದರಿಂದ ಅಕ್ಕಸಾಲಿಗ ಉಮ್ಮನ ಕಡೆ ತಟ್ಟೆ ಸರಿಸಿದ. ಉಮ್ಮ ಸರದ ಕೊಂಡಿಯನ್ನು ಅರ್ಧ ಬಿಚ್ಚಿ ಹಾಗೇ ನಿಂತಿದ್ದರು.

“ಉಮ್ಮಾ, ಇಷ್ಟು ವರ್ಷ ಹಾಕಿಕೊಂಡದ್ದು ನೀವು. ಈ ಏಟಿನಿಂದ ನಿಮಗೆ ಒಂದು ದಿನವಾದ್ರೂ ನಾಚಿಕೆ ಆಗಿತ್ತಾ?”